ಐದು ರಿಮೋಟಿನ ಮೇಷ್ಟ್ರು

ಆ ಮನೆಯಲ್ಲಿ ಟಿವಿ ಹಾಕುವುದೆಂದರೆ ಗುಂಡಿ ಒತ್ತಿ ಕೂತುಬಿಡುವಷ್ಟು ಸುಲಭದ ಕೆಲಸವಾಗಿರಲಿಲ್ಲ. ಅದಕ್ಕೊಂದು ಕ್ರಮವಿತ್ತು. ಆ ಕ್ರಮ ಬಲ್ಲವರು ಮನೆಯಲ್ಲಿ ಒಬ್ಬರೇ, ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು.

ಟಿವಿ ಪಕ್ಕದ ಬಿಸ್ಕತ್ತಿನ ಡಬ್ಬದಲ್ಲಿ ಐದು ರಿಮೋಟುಗಳು ನಿಂತಿರುತ್ತಿದ್ದವು. ಧೂಳು ಹಿಡಿಯಬಾರದೆಂದು ಒಂದೊಂದಕ್ಕೂ ಪ್ಲಾಸ್ಟಿಕ್ ಕವರು, ಕವರಿನ ಮೇಲೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಅಂಕಿ. ಒಂದನೆಯದು ಟಿವಿಯದು, ಎರಡನೆಯದು ಸೆಟ್ ಟಾಪ್ ಬಾಕ್ಸಿನದು, ಮೂರನೆಯದು ಆಂಪ್ಲಿಫೈಯರಿನದು. ಟಿವಿಯ ಸ್ವಂತ ದನಿ ಹನ್ನೊಂದು ವರ್ಷದ ಹಿಂದೆಯೇ ಹೋಗಿದ್ದರಿಂದ ಶಬ್ದವೆಲ್ಲ ಆ ಆಂಪ್ಲಿಫೈಯರಿಗೆ ಹೋಗಿ, ಗೋಡೆಯ ಎರಡೂ ಮೂಲೆಯಲ್ಲಿ ದ್ವಾರಪಾಲಕರಂತೆ ನಿಂತ ಆಳೆತ್ತರದ ಸ್ಪೀಕರುಗಳಿಂದ ಹೊರಗೆ ಬರಬೇಕಿತ್ತು. ನಾಲ್ಕನೆಯದು ಹಳೆಯ ವಿಡಿಯೋ ಕ್ಯಾಸೆಟ್ ಪ್ಲೇಯರಿನದು. ಅದರಲ್ಲಿ ಯಾರಾದರೂ ಕ್ಯಾಸೆಟ್ಟು ಹಾಕಿ ಯಾವ ಕಾಲವಾಗಿತ್ತೋ. ಆದರೆ ಚಿತ್ರ ಅದರ ಹೊಟ್ಟೆಯೊಳಗಿಂದ ಹಾದುಬರುವಂತೆ ಯಾವಾಗಲೋ ವೈರು ಜೋಡಿಸಿದ್ದರಿಂದ, ಅದನ್ನು ಎಬ್ಬಿಸದಿದ್ದರೆ ಟಿವಿಯೂ ಏಳುತ್ತಿರಲಿಲ್ಲ. ಐದನೆಯ ರಿಮೋಟಿನ ಯಂತ್ರ ಎಂದೋ ಗುಜರಿಗೆ ಹೋಗಿತ್ತು. ಆದರೆ ಅದರ ಕೆಂಪು ಗುಂಡಿ ಒತ್ತಿದರೆ ಯಾವ ಮಾಯದಿಂದಲೋ ಆಂಪ್ಲಿಫೈಯರು ಸುಮ್ಮನಾಗುತ್ತಿತ್ತು. ಹಾಗಾಗಿ ಅದಕ್ಕೂ ಒಂದು ನಂಬರು ಸಿಕ್ಕಿತ್ತು.

ಮೇಷ್ಟ್ರ ಹೆಂಡತಿಯನ್ನು ಬೀದಿಯವರೆಲ್ಲ ಆಪರೇಟರಮ್ಮ ಎನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನೂರಾರು ತೂತುಗಳ ಹಲಗೆಯ ಮುಂದೆ ಕೂತು, ಯಾರ ಕರೆ ಯಾರಿಗೆಂದು ಕೇಳಿ ಹುರಿ ಎಳೆದು ಚುಚ್ಚುತ್ತಿದ್ದವರು. ಆಮೇಲೆ ಹಲಗೆ ಹೋಗಿ ಕಂಪ್ಯೂಟರು ಬಂದಾಗ ವಿಚಾರಣೆ ವಿಭಾಗಕ್ಕೆ ಹಾಕಿದರು. ಕಣ್ಣು ಮುಚ್ಚಿಕೊಂಡು ಇಡೀ ಪಟ್ಟಣವನ್ನು ಒಬ್ಬರಿಗೊಬ್ಬರು ಮಾತಾಡಿಸಿದ ಆ ಹೆಂಗಸಿಗೆ ಸ್ವಂತ ಮನೆಯ ಟಿವಿ ಕಪಾಟಿನ ಹಿಂದೆ ಕಸ ಗುಡಿಸುವ ಅಧಿಕಾರವೂ ಇರಲಿಲ್ಲ. ಅಲ್ಲಿ ಒಂದು ವೈರು ಅಲುಗಿದರೆ ಎಲ್ಲ ಕೈಕೊಡುತ್ತದೆ ಎಂದು ಮೇಷ್ಟ್ರು ಪೊರಕೆಗೂ ಗಡಿ ಹಾಕಿದ್ದರು. ಆಪರೇಟರಮ್ಮ ಹೆಚ್ಚು ವಾದಕ್ಕೆ ಹೋದವರಲ್ಲ. ಸಂಜೆ ಆರೂವರೆಗೆ ತಮ್ಮ ಧಾರಾವಾಹಿಯ ಹೊತ್ತಿಗೆ ಚಪ್ಪಲಿ ಮೆಟ್ಟಿ, ಕೆಳಮನೆಯಲ್ಲಿದ್ದ ತಂಗಿಯ ಹತ್ತಿರ ಹೋಗಿ ನೋಡಿ ಬರುತ್ತಿದ್ದರು. ಅಲ್ಲಿ ರಿಮೋಟು ಒಂದೇ.

ಹೀಗಿರುವಾಗ ಒಂದು ಬೆಳಗ್ಗೆ ಪತ್ರಿಕೆ ಓದುತ್ತಿದ್ದ ಮೇಷ್ಟ್ರ ಬಲಗಣ್ಣಿಗೆ ಮೂಲೆಯಿಂದ ಕಪ್ಪು ಪರದೆ ಇಳಿದುಬಂತು. ಕಣ್ಣಿನ ಡಾಕ್ಟರಮ್ಮ ನೋಡಿ, ಒಳಪದರ ಕಿತ್ತುಕೊಂಡು ಬರುತ್ತಿದೆ, ಇವತ್ತೇ ಆಪರೇಷನ್ ಆಗಬೇಕೆಂದರು. ಆಪರೇಷನ್ ಸಸೂತ್ರವಾಗಿ ಮುಗಿಯಿತು. ಕಷ್ಟ ಇದ್ದದ್ದು ಆಮೇಲೆ. ಪದರ ಹಿಂದಕ್ಕೆ ಅಂಟಿಕೊಳ್ಳಲೆಂದು ಕಣ್ಣಿನೊಳಗೆ ಗಾಳಿಗುಳ್ಳೆ ಬಿಟ್ಟಿದ್ದೇವೆ, ಅದು ಮೇಲೇರಿ ಹಿಂಗೋಡೆಯನ್ನು ಒತ್ತಿ ಹಿಡಿಯಬೇಕಾದರೆ ಹತ್ತು ದಿನ ಮುಖ ಕೆಳಗೆ ಹಾಕಿಯೇ ಇರಬೇಕು. ಊಟ, ಸ್ನಾನ ಬಿಟ್ಟರೆ ಬೋರಲು ಮಲಗಿಯೇ ಇರಬೇಕು ಎಂದು ಡಾಕ್ಟರಮ್ಮ ವಿವರಿಸಿದರು. ಮೇಷ್ಟ್ರು ಎಲ್ಲವನ್ನೂ ಕೇಳಿ, ಇಷ್ಟಕ್ಕೂ ಟಿವಿ ನೋಡಬಹುದೇ ಎಂದು ವಿಚಾರಿಸಿದರು. ಫುಟ್‌ಬಾಲ್ ಪಂದ್ಯಾವಳಿ ಆಗತಾನೇ ಕಾವೇರುತ್ತಿತ್ತು. ಡಾಕ್ಟರಮ್ಮ ಧಾರಾಳವಾಗಿ ನೋಡಿ, ಕಿವಿಯಲ್ಲಿ ಎಂದರು.

ಹಾಗೆ ಮೇಷ್ಟ್ರು ನಡುಮನೆಯ ದಿವಾನದ ಮೇಲೆ ಬೋರಲು ಬಿದ್ದರು. ಹಣೆ, ಗಲ್ಲ ಊರಲು ಆಪರೇಟರಮ್ಮ ಟವೆಲು ಸುರುಳಿ ಸುತ್ತಿ ಕುದುರೆ ಲಾಳದಂತೆ ಮಾಡಿಕೊಟ್ಟರು. ಅದರ ನಡುವಿನ ಕಿಂಡಿಯಿಂದ ಎಡಗಣ್ಣಿಗೆ ನೆಲದ ಎರಡು ಟೈಲ್ಸು, ಅವುಗಳ ನಡುವಿನ ಒಂದು ಗೆರೆ ಕಾಣುತ್ತಿತ್ತು. ಅಷ್ಟೇ ಅವರ ಪ್ರಪಂಚ. ಜಗತ್ತಿನ ನದಿ ಪರ್ವತಗಳನ್ನೆಲ್ಲ ಬೋರ್ಡಿನ ಮೇಲೆ ಬರೆದವರು ಒಂದು ಗೆರೆ ನೋಡುತ್ತಾ ಬಿದ್ದುಕೊಂಡರು.

ಮೊದಲನೇ ದಿನ ಮಧ್ಯಾಹ್ನ ಮೂರಕ್ಕೆ ಪಂದ್ಯ. ಎರಡೂಕಾಲಿಗೇ ಮೇಷ್ಟ್ರು ನೆಲಕ್ಕೆ ಮುಖ ಮಾಡಿಕೊಂಡು ಪಾಠ ಶುರುಮಾಡಿದರು. ಮೊದಲು ಗೋಡೆಯ ಸ್ವಿಚ್ಚು ಹಾಕಿ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಎರಡನೆಯ ರಿಮೋಟು ಒತ್ತಿ ಹಸಿರು ದೀಪ ಬರುವತನಕ ಕಾಯಬೇಕು. ನಾಲ್ಕನೆಯದರಿಂದ ವಿಡಿಯೋ ಪ್ಲೇಯರನ್ನು ಎಬ್ಬಿಸಬೇಕು. ಆಮೇಲೆ ಒಂದನೆಯದು, ಅದರ ಮೂಲೆಯ ಗುಂಡಿಯನ್ನು ಮೂರು ಸಲ ಒತ್ತಬೇಕು, ನಾಲ್ಕು ಸಲ ಒತ್ತಿದರೆ ಮತ್ತೆ ಮೊದಲಿನಿಂದ ಬರಬೇಕು. ಕೊನೆಗೆ ಮೂರನೆಯದು. ಅದರ ಹಿಂದಿನ ಮುಚ್ಚಳ ಕಳೆದುಹೋಗಿ ರಬ್ಬರ್ ಬ್ಯಾಂಡು ಕಟ್ಟಿತ್ತು. ಬ್ಯಾಟರಿಗಳನ್ನು ಹೆಬ್ಬೆರಳಿನಿಂದ ಒಂದು ಸುತ್ತು ಉರುಳಿಸಿ, ತೊಡೆಗೆ ಎರಡು ಸಲ ತಟ್ಟಿ ಒತ್ತಬೇಕು.

ಆಪರೇಟರಮ್ಮ ಹೇಳಿದ್ದನ್ನೆಲ್ಲ ಹೇಳಿದಂತೆ ಮಾಡಿದರು. ಪರದೆ ಮೊದಲು ಕಪ್ಪಾಯಿತು, ಆಮೇಲೆ ನೀಲಿಯಾಯಿತು, ಆಮೇಲೆ ಇರುವೆ ಮುತ್ತಿದಂತೆ ಗಿಜಿಗುಟ್ಟಿತು.

"ಎಷ್ಟು ಸಲ ಒತ್ತಿದೆ?" ಎಂದರು ಮೇಷ್ಟ್ರು.

"ಮೂರೇ ಸಲ ರೀ."

"ನಾಲ್ಕು ಸಲ ಟಿಕ್ ಅಂತು. ನನಗೆ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ."

ಇನ್ನೊಮ್ಮೆ ಮೊದಲಿನಿಂದ ಬಂದರು. ಈ ಸಲ ಚಿತ್ರ ಬಂತು, ಶಬ್ದವಿಲ್ಲ. ಮೂರನೆಯ ರಿಮೋಟನ್ನು ಉರುಳಿಸಿ, ತೊಡೆಗೆ ತಟ್ಟಿ, ಒತ್ತಿ, ಮತ್ತೆ ತಟ್ಟಿ, ಇದರ ಹಣೆಬರಹವೇ ಇಷ್ಟು ಎಂದು ಬಲವಾಗಿ ಅಮುಕಿದ್ದೇ ತಡ, ಎರಡೂ ಸ್ಪೀಕರುಗಳು ಒಟ್ಟಿಗೆ ಗುಡುಗಿದವು. ಕ್ರೀಡಾಂಗಣದ ಮೂವತ್ತು ಸಾವಿರ ಜನ ಮನೆಯೊಳಗೇ ನುಗ್ಗಿದಂತಾಯಿತು. ಶೋಕೇಸಿನ ಗಾಜು ನಡುಗಿತು. ಮೇಷ್ಟ್ರು ಕಿಂಡಿಯೊಳಗಿಂದ ಐದು, ಐದು, ಕೆಂಪು ಗುಂಡಿ ಎಂದು ಕೂಗುತ್ತಿದ್ದರೂ ಯಾರಿಗೂ ಕೇಳಿಸಲಿಲ್ಲ. ಆಪರೇಟರಮ್ಮ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟರು. ಆ ಮೌನದಲ್ಲಿ ಬಾಗಿಲು ತಟ್ಟಿದ ಸದ್ದು ಕೇಳಿತು. ಮೇಲ್ಮನೆಯ ಹಲ್ಲಿನ ಡಾಕ್ಟರು. ಬಾಯಿ ತೆರೆದು ಕೂತಿದ್ದ ರೋಗಿಯೊಬ್ಬರು ಗಾಬರಿಯಿಂದ ಡಾಕ್ಟರ ಬೆರಳನ್ನೇ ಕಚ್ಚಿದರೆಂದು ತೋರಿಸಿ, ಬೇಸರವೇನೂ ಮಾಡಿಕೊಳ್ಳದೆ ಮೇಷ್ಟ್ರ ಆರೋಗ್ಯ ವಿಚಾರಿಸಿ ಹೋದರು.

ಮಾರನೇ ದಿನ ನಲವತ್ತು ನಿಮಿಷದ ಹೋರಾಟದಲ್ಲಿ ಎಲ್ಲವೂ ಕೂಡಿಬಂತು. ಆಗ ಇನ್ನೊಂದು ತೊಡಕು ಎದುರಾಯಿತು. ವೀಕ್ಷಕ ವಿವರಣೆಕಾರ ತನ್ನ ಪಾಡಿಗೆ ತಾನು ಆಟಗಾರರ ಬಾಲ್ಯದ ಕಥೆ ಹೇಳುತ್ತಿದ್ದನೇ ಹೊರತು ಚೆಂಡು ಎಲ್ಲಿದೆ ಎಂದು ಹೇಳುತ್ತಿರಲಿಲ್ಲ. ಎಲ್ಲಿದೆಯೆಂದು ಮೇಷ್ಟ್ರು ಹೆಂಡತಿಯನ್ನು ಕೇಳತೊಡಗಿದರು. ಆಪರೇಟರಮ್ಮ ಜನ್ಮದಲ್ಲಿ ಒಂದು ಪಂದ್ಯವನ್ನೂ ಪೂರ್ತಿ ನೋಡಿದವರಲ್ಲ.

"ಕೆಂಪು ಅಂಗಿಯವನು ನೀಲಿ ಅಂಗಿಯವನಿಗೆ ಕೊಟ್ಟ," ಎಂದರು.

"ಕೊಟ್ಟಿದ್ದಲ್ಲ ಅದು, ಕಿತ್ಕೊಂಡಿದ್ದು."

"ನಂಗೆ ಕೊಟ್ಟ ಹಾಗೇ ಕಾಣಿಸ್ತು. ಈಗ ನೀಲಿಯವನು ಬಿದ್ದು ಹೊರಳಾಡ್ತಾ ಇದಾನೆ. ಪಾಪ, ಕಾಲು ಮುರಿದಿರಬೇಕು. ಇಲ್ಲ, ಎದ್ದು ಓಡ್ತಿದಾನೆ."

ಮೇಷ್ಟ್ರ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದರೋ ಸಂಕಟಪಡುತ್ತಿದ್ದರೋ ಹಿಂದಿನಿಂದ ತಿಳಿಯುವಂತಿರಲಿಲ್ಲ.

ಮೂರನೇ ದಿನ ಮೂರನೆಯ ರಿಮೋಟು ಸಂಪೂರ್ಣ ಕೈಕೊಟ್ಟಿತು. ಉರುಳಿಸಿದರು, ತಟ್ಟಿದರು, ಹೊಸ ಬ್ಯಾಟರಿ ಹಾಕಿದರು. ಜಪ್ಪಯ್ಯ ಎಂದರೂ ಆಂಪ್ಲಿಫೈಯರು ಮಿಸುಕಲಿಲ್ಲ. ಅದರ ಮುಂಭಾಗದ ಗುಂಡಿ ಎಂದೋ ಒಳಗೆ ಬಿದ್ದುಹೋಗಿ ಅಲ್ಲಿ ಬರೀ ತೂತು ಉಳಿದಿತ್ತು. ಆಪರೇಟರಮ್ಮ ರಿಮೋಟನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಗಂಡನನ್ನು ನೋಡಿಕೊಳ್ಳಲು ತಂಗಿಗೆ ಹೇಳಿ, ಪೇಟೆಯ ರಿಮೋಟಿನ ಅಂಗಡಿಗೆ ಹೋದರು. ಒಬ್ಬರು ಮಾತ್ರ ನಿಲ್ಲಬಹುದಾದಷ್ಟು ಜಾಗದಲ್ಲಿ ಅಂಗಡಿಯವನು ಸುತ್ತ ಸಾವಿರ ರಿಮೋಟು ನೇತುಹಾಕಿಕೊಂಡು ಕೂತಿದ್ದ. ಅವನು ಅದನ್ನು ತನ್ನ ಫೋನಿನ ಕ್ಯಾಮೆರಾ ಮುಂದೆ ಹಿಡಿದು ಗುಂಡಿ ಒತ್ತಿ, ಪರದೆಯನ್ನು ಅವರತ್ತ ತಿರುಗಿಸಿದ. ಸರಿಯಿದ್ದ ರಿಮೋಟಿನ ತುದಿಯಲ್ಲಿ ಬೆಳಕು ಮಿಣುಕುವುದು ಫೋನಿನಲ್ಲಿ ಕಾಣುತ್ತದಂತೆ. ಇದರಲ್ಲಿ ಎಂತದೂ ಇಲ್ಲ.

"ಇದರ ಕಣ್ಣೇ ಹೋಗಿದೆ ಅಮ್ಮಾ," ಎಂದ.

"ಮನೇಲೂ ಅದೇ ಕಥೆ ಕಣಪ್ಪಾ. ಅವರದ್ದು ಸರಿಹೋಗುತ್ತೆ ಅಂದಿದಾರೆ. ಇದರದ್ದು?"

ಈ ಕಂಪನಿ ಬಾಗಿಲು ಹಾಕಿ ಎಂಟು ವರ್ಷವಾಯಿತು ಎಂದು ಹೇಳಿ, ಎಲ್ಲ ಯಂತ್ರಗಳಿಗೂ ಆಗುವ ಒಂದು ಸರ್ವಸಾಧಾರಣ ರಿಮೋಟನ್ನು ಕೊಟ್ಟು, ಒತ್ತಿ ಹಿಡಿದಿರಿ, ಅದೇ ಹುಡುಕಿಕೊಳ್ಳುತ್ತದೆ ಎಂದ. ಮನೆಗೆ ಬಂದು ಒತ್ತಿ ಹಿಡಿದರೆ ಅದು ಆಂಪ್ಲಿಫೈಯರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹುಡುಕಿತು. ಟಿವಿ ಆರಿತು, ಹತ್ತಿತು, ಮತ್ತೆ ಆರಿತು. ವಿಡಿಯೋ ಪ್ಲೇಯರು ಇಲ್ಲದ ಕ್ಯಾಸೆಟ್ಟನ್ನು ಹೊರಗೆ ಉಗಿಯಲು ಗರಗರ ಎಂದಿತು. ಎದುರುಮನೆಯ ಎಸಿ ಬೀಪ್ ಎಂದು ತಾನಾಗಿ ಶುರುವಾಯಿತೆಂದು ತಂಗಿ ಆಣೆ ಮಾಡಿ ಹೇಳಿದಳು. ಮೇಷ್ಟ್ರು ಅವತ್ತು ರೇಡಿಯೋದಲ್ಲಿ ಬರೀ ಫಲಿತಾಂಶ ಕೇಳಿ ಮುಖ ಊದಿಸಿಕೊಂಡರು. ಬೋರಲು ಮಲಗಿದವರು ಮುಖ ಊದಿಸಿಕೊಂಡರೆ ನೋಡುವವರಿಲ್ಲ ಎಂಬುದು ಅವರಿಗೆ ಇನ್ನೂ ದೊಡ್ಡ ದುಃಖವಾಯಿತು.

ನಾಲ್ಕನೇ ದಿನ ಬೆಳಗ್ಗೆ ಕಣ್ಣಿಗೆ ಔಷಧ ಬಿಟ್ಟ ಮೇಲೆ ಮೇಷ್ಟ್ರಿಗೆ ಗಾಢ ನಿದ್ದೆ ಹತ್ತಿತು. ಆಪರೇಟರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಬುಟ್ಟಿ, ಒಂದು ಟಾರ್ಚು ಹಿಡಿದು ಟಿವಿ ಕಪಾಟಿನ ಹಿಂದಕ್ಕೆ ನುಸುಳಿದರು. ಮದುವೆಯಾದ ಮೂವತ್ತಾರು ವರ್ಷದಲ್ಲಿ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ಟಾರ್ಚು ಬಿಟ್ಟು ನೋಡಿದರು. ಕರಿ, ಬಿಳಿ, ಹಳದಿ, ಕೆಂಪು ವೈರುಗಳು ಬಾಚದ ಜಡೆಯಂತೆ ಗಂಟುಬಿದ್ದಿದ್ದವು. ಆಮೇಲೆ ಬಲಗೈ ತಾನಾಗಿ ಮುಂದೆ ಹೋಯಿತು. ಒಂದು ತುದಿ ಹಿಡಿದು ಬೆರಳಲ್ಲಿ ಸವರುತ್ತಾ ಇನ್ನೊಂದು ತುದಿಯವರೆಗೆ ಹೋಗುವುದು, ಎಲ್ಲಿಂದ, ಎಲ್ಲಿಗೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವುದು, ಕ್ಲಿಪ್ಪು ಸಿಕ್ಕಿಸುವುದು. ಎಕ್ಸ್‌ಚೇಂಜಿನಲ್ಲಿ ಒಮ್ಮೆ ಸಿಡಿಲು ಹೊಡೆದ ಮಾರನೇ ದಿನ ಹೀಗೇ ಇಡೀ ಹಲಗೆಯನ್ನು ಬಿಡಿಸಿ ಕಟ್ಟಿದ್ದರು. ಎರಡು ವೈರುಗಳು ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದು ಕಾರ್ಪೆಟ್ಟಿನ ಕೆಳಗೆ ಹಾವಿನಂತೆ ಹರಿದುಹೋಗಿ, ಯಾವತ್ತೋ ಮಾರಿದ ಟೇಪ್ ರೆಕಾರ್ಡರಿನ ಜಾಗದಲ್ಲಿ ಮುಗಿದಿತ್ತು. ಸೆಟ್ ಟಾಪ್ ಬಾಕ್ಸಿನಿಂದ ಹೊರಟ ಚಿತ್ರ ವಿಡಿಯೋ ಪ್ಲೇಯರಿಗೆ ಹೋಗಿ, ಅಲ್ಲಿಂದ ಒಂದು ಡಬ್ಬಿ ಸುತ್ತಿ, ಟಿವಿಗೆ ಬರುತ್ತಿತ್ತು. ಪಕ್ಕದ ಮನೆಗೆ ಹೋಗಲು ಊರು ಬಳಸಿದ ಹಾಗೆ.

ಅವರು ಅದನ್ನು ಕಿತ್ತು ನೇರ ಟಿವಿಗೇ ಚುಚ್ಚಿ, ಟಿವಿ ಹಾಕಿ ನೋಡಿದರು, ಚಿತ್ರ ಬಂತು. ವಿಡಿಯೋ ಪ್ಲೇಯರು ನಿವೃತ್ತಿಯಾಯಿತು. ಉಳಿದದ್ದು ಶಬ್ದ. ಟಿವಿಯ ಪಕ್ಕೆಯನ್ನು ಟಾರ್ಚಿನಲ್ಲಿ ಪರೀಕ್ಷಿಸುವಾಗ ಒಂದು ಸಣ್ಣ ತೂತು ಕಂಡಿತು, ಹೆಡ್‌ಫೋನು ಚುಚ್ಚುವಂಥದು. ಒಳಗೆ ಏನೋ ಹೊಳೆಯುತ್ತಿತ್ತು. ಹುಬ್ಬು ಕೀಳುವ ಚಿಮಟ ತಂದು ಉಸಿರು ಬಿಗಿಹಿಡಿದು ಎಳೆದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಲೋಹದ ತುಂಡೊಂದು ಹೊರಗೆ ಬಂತು. ಮುರಿದ ಪಿನ್ನು.

ಪಿನ್ನು ಹೊರಬಿದ್ದ ಕ್ಷಣವೇ ಹನ್ನೊಂದು ವರ್ಷ ಮೂಕವಾಗಿದ್ದ ಟಿವಿ, ತೀರಾ ಸಹಜವಾಗಿ, ಹವಾಮಾನ ವರದಿ ಓದತೊಡಗಿತು.

ಆಪರೇಟರಮ್ಮ ಬೆಪ್ಪಾಗಿ ಅಲ್ಲೇ ಕುಳಿತರು. ಹೆಡ್‌ಫೋನಿನ ತುದಿ ತೂತಿನಲ್ಲಿ ಉಳಿದಿದ್ದರಿಂದ ಟಿವಿ ಯಾರೋ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದಾರೆಂದು ತಿಳಿದು ಇಷ್ಟು ಕಾಲ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತ್ತು. ಅದಕ್ಕಾಗಿ ಆ ಆಂಪ್ಲಿಫೈಯರು, ಆ ದ್ವಾರಪಾಲಕರು, ಆ ಗುಡುಗು. ನಗು ಬಂತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೊಟ್ಟೆ ನೋಯುವಷ್ಟು ನಕ್ಕರು. ಎದ್ದು ನೋಡಿದರೆ ಎರಡನೆಯ ರಿಮೋಟು ಒಂದರಲ್ಲೇ ಟಿವಿಯೂ ಬಾಕ್ಸೂ ಎರಡೂ ನಡೆಯುತ್ತಿದ್ದವು.

ಗಂಡ ಎದ್ದ ಕೂಡಲೇ ಹೇಳಬೇಕೆಂದೇ ಇದ್ದರು. ಆದರೆ ಮೇಷ್ಟ್ರು ಎದ್ದವರೇ, "ಪಂದ್ಯಕ್ಕೆ ಹೊತ್ತಾಯ್ತು. ಹೆದರಬೇಡ, ನಾನಿದೀನಿ, ಒಂದೊಂದಾಗಿ ಹೇಳ್ತೀನಿ," ಎಂದರು. ನಾಲ್ಕು ದಿನದಿಂದ ಸ್ನಾನಕ್ಕೂ ಕೈಹಿಡಿಸಿಕೊಂಡು ಹೋಗುತ್ತಿದ್ದ ಮನುಷ್ಯನ ದನಿಯಲ್ಲಿ ಅಷ್ಟು ಹುರುಪು ಕೇಳಿ ಆಪರೇಟರಮ್ಮನ ನಾಲಿಗೆ ಹಿಂದಕ್ಕೆ ಹೋಯಿತು. ಸರಿ, ಹೇಳಿ ಎಂದರು.

ಅಲ್ಲಿಂದ ನಾಲ್ಕು ದಿನ ಆ ಮನೆಯಲ್ಲಿ ನಾಟಕ ನಡೆಯಿತು. ಮೇಷ್ಟ್ರು ಹತ್ತು ಎಣಿಸು ಎಂದರೆ ಆಪರೇಟರಮ್ಮ ಕೇಳುವಂತೆ ಎಣಿಸಿದರು. ನಾಲ್ಕನೆಯದು ಎಂದರೆ ನಾಲ್ಕನೆಯದರ ಗುಂಡಿಯನ್ನು ಖಾಲಿ ಗೋಡೆಗೆ ತೋರಿಸಿ ಟಿಕ್ ಎನಿಸಿದರು. ಮೂರು ಸಲ ಎಂದರೆ ಮೂರು ಸಲ. ಸತ್ತ ಮೂರನೆಯ ರಿಮೋಟನ್ನು ತೊಡೆಗೆ ಎರಡೇಟು ತಟ್ಟಿ, ಹೊಸ ಬ್ಯಾಟರಿಗೆ ಜೀವ ಬಂದಿದೆ ರೀ ಎಂದು ಒಂದು ಸುಳ್ಳನ್ನೂ ಸೇರಿಸಿದರು. ಎಲ್ಲ ಮುಗಿದ ಮೇಲೆ ಎರಡನೆಯದನ್ನು ಸದ್ದಿಲ್ಲದೆ ಒತ್ತಿ ಟಿವಿ ಹಾಕಿದರು. ನೋಡಿದೆಯಾ, ಕ್ರಮ ತಿಳಿದರೆ ಎಷ್ಟು ಸಲೀಸು ಎಂದು ಮೇಷ್ಟ್ರು ನೆಲಕ್ಕೆ ಹೇಳಿದರು. ಒಂದು ಸಲ ಮಾತ್ರ ಶಬ್ದ ಯಾಕೋ ತೆಳ್ಳಗಾಗಿದೆಯಲ್ಲ ಎಂದು ಅನುಮಾನಿಸಿದರು. ಒಂದು ಕಿವಿ ಟವೆಲಿನಲ್ಲಿ ಹೂತಿದ್ದರೆ ಇನ್ನೇನಾಗುತ್ತದೆ ಎಂದು ಆಪರೇಟರಮ್ಮ ಬಾಯಿ ಮುಚ್ಚಿಸಿದರು.

ಸಂಜೆ ಆರೂವರೆಗೆ ಅವರು ಕೆಳಮನೆಗೆ ಹೋಗಲಿಲ್ಲ. ಗಂಡನನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಎಂಬ ನೆಪದಲ್ಲಿ ಧಾರಾವಾಹಿಯನ್ನು ಮನೆಯಲ್ಲೇ ಹಾಕಿದರು. ಮೊದಲ ದಿನ ಮೇಷ್ಟ್ರು ಮೂಗು ಮುರಿದರು. ಎರಡನೇ ದಿನ, ಈಗ ಅಳುತ್ತಿರುವವಳು ಸೊಸೆಯೋ ನಾದಿನಿಯೋ ಎಂದು ಕೇಳಿದರು. ಮೂರನೇ ದಿನ, ಆ ವಕೀಲನ ಮಾತು ನಂಬಬೇಡ, ಅವನ ದನಿಯಲ್ಲೇ ಮೋಸ ಇದೆ ಎಂದು ಎಚ್ಚರಿಸಿದರು. ಅದು ನಿಜವೂ ಆಯಿತು. ಇತ್ತ ಆಪರೇಟರಮ್ಮ ಪಂದ್ಯ ಹೇಳುವುದರಲ್ಲಿ ಪಳಗಿದರು. ಎಡಗಡೆ ಇಬ್ಬರಿದ್ದಾರೆ, ಬಲಗಡೆ ಖಾಲಿ, ಬಲಕ್ಕೆ ಕೊಟ್ಟಿದ್ದರೆ ಆಗುತ್ತಿತ್ತು, ದಡ್ಡ ಎಡಕ್ಕೇ ಕೊಟ್ಟ ಎಂದು ಕರೆ ಜೋಡಿಸುವವರ ಲೆಕ್ಕದಲ್ಲಿ ಅವರು ಹೇಳುವುದನ್ನು ಕೇಳಿ ಮೇಷ್ಟ್ರು ಒಂದೆರಡು ಸಲ ತಲೆದೂಗಿದರು, ಆ ಭಂಗಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು. ಹಳದಿ ತಂಡದ ಉದ್ದ ಕಾಲಿನ ಗೋಲ್‌ಕೀಪರನ ಮೇಲೆ ಆಪರೇಟರಮ್ಮನಿಗೆ ವಿಶೇಷ ಅಕ್ಕರೆ ಹುಟ್ಟಿತು. ಎಷ್ಟು ಜನ ಮೇಲೆ ಬಿದ್ದರೂ ಅವನು ಒಮ್ಮೆಯೂ ಸಿಡುಕಲಿಲ್ಲ ಎಂಬುದೇ ಕಾರಣ.

ಎಂಟನೇ ದಿನ ನಾಟಕ ಬಯಲಾಯಿತು. ಆಪರೇಟರಮ್ಮ ಔಷಧದ ಅಂಗಡಿಗೆ ಹೋಗಿದ್ದರು. ಕಾವಲಿಗೆ ಕೂತ ತಂಗಿಗೆ ಬೇಜಾರಾಗಿ ಡಬ್ಬದಿಂದ ಕೈಗೆ ಸಿಕ್ಕ ರಿಮೋಟು ತೆಗೆದು ಒತ್ತಿದಳು. ಸಿಕ್ಕಿದ್ದು ಎರಡನೆಯದು. ಟಿವಿ ಮಾತಾಡತೊಡಗಿತು. ದಿವಾನದ ಮೇಲಿನ ದೇಹ ಗರಬಡಿದಂತೆ ಸೆಟೆಯಿತು.

"ಎಷ್ಟು ಗುಂಡಿ ಒತ್ತಿದೆ?" ಎಂದರು ಮೇಷ್ಟ್ರು.

"ಒಂದೇ ಭಾವ. ಯಾಕೆ, ಇನ್ನೂ ಒತ್ತಬೇಕಿತ್ತಾ?"

ಔಷಧ ತಂದ ಆಪರೇಟರಮ್ಮನಿಗೆ ತಂಗಿಯ ಮುಖ ನೋಡುತ್ತಲೇ ವಿಷಯ ತಿಳಿಯಿತು. ತಂಗಿ ಮೆಲ್ಲಗೆ ಕೆಳಗೆ ಜಾರಿಕೊಂಡಳು. ಊಟಕ್ಕೆ ಎದ್ದು ಕೂತಾಗ ಮೇಷ್ಟ್ರು ತಟ್ಟೆಯನ್ನೇ ನೋಡಿದರು. ಮೇಲೆ ನೋಡಬಾರದೆಂದು ಡಾಕ್ಟರಮ್ಮ ಹೇಳಿದ್ದು ಅವತ್ತು ಅವರಿಗೆ ಅನುಕೂಲಕ್ಕೆ ಬಂತು. ಸಂಜೆ ಧಾರಾವಾಹಿಯಲ್ಲಿ ವಕೀಲ ಸಿಕ್ಕಿಬಿದ್ದ. ಆದರೂ ದಿವಾನದಿಂದ ಹೂಂ ಇಲ್ಲ, ಉಹೂಂ ಇಲ್ಲ. ಆಪರೇಟರಮ್ಮ ಟಿವಿ ಆರಿಸಿ, ದಿವಾನದ ಪಕ್ಕ ನೆಲದ ಮೇಲೆ ಕೂತರು.

"ನಿಮ್ಮನ್ನ ಗೇಲಿ ಮಾಡೋಕೆ ಮಾಡಿದ್ದಲ್ಲ," ಎಂದರು. "ಹಿಂದುಗಡೆ ವೈರೆಲ್ಲ ಬಿಡಿಸಿ ನೋಡಿದೆ. ಟಿವಿ ದನಿ ಹೋಗೇ ಇರ್ಲಿಲ್ಲ ರೀ. ತೂತಲ್ಲಿ ಇದು ಸಿಕ್ಕೊಂಡಿತ್ತು."

ಸೆರಗಿನ ಗಂಟಿನಿಂದ ಆ ಲೋಹದ ತುಂಡನ್ನು ಬಿಚ್ಚಿ, ಕಿಂಡಿಯ ಕೆಳಗೆ, ಟೈಲ್ಸಿನ ಮೇಲೆ ಇಟ್ಟರು. ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿದರು. ಆ ಹತ್ತಿರದಿಂದ ಅದು ಅವರಿಗೆ ಕಂಬದಷ್ಟು ದೊಡ್ಡದಾಗಿ ಕಂಡಿರಬೇಕು.

"ಇದು ಇಲ್ಲೇ ಇತ್ತಾ," ಎಂದರು ಕೊನೆಗೆ. "ನಿನಗೆ ನೈಟ್ ಡ್ಯೂಟಿ ಇತ್ತಲ್ಲ, ಕೊನೇ ವರ್ಷ. ಹಗಲು ನೀನು ಮಲಗಿರ್ತಿದ್ದೆ. ನಾನು ಹೆಡ್‌ಫೋನ್ ಹಾಕ್ಕೊಂಡು ಆಟ ನೋಡ್ತಿದ್ದೆ. ಒಂದಿನ ಕಡೇ ನಿಮಿಷದಲ್ಲಿ ಗೋಲು. ಕೂಗೋ ಹಾಗಿಲ್ಲ, ನಿನಗೆ ಎಚ್ಚರ ಆಗುತ್ತೆ. ಕೂಗೋ ಬದಲು ಹಾರಿಬಿಟ್ಟೆ. ವೈರು ಕಿತ್ಕೊಂಡು ಬಂತು. ತುದಿ ಎಲ್ಲೋ ಬಿತ್ತು ಅಂದ್ಕೊಂಡೆ. ಆವತ್ತಿಂದ ಟಿವಿ ಮಾತಾಡ್ಲಿಲ್ಲ. ನಾನೇ ಕೆಡಿಸಿದೆ ಅಂತ ಹೇಳೋಕೆ ನಾಚಿಕೆ ಆಯ್ತು."

ಹಾಗಾಗಿ ಟಿವಿಯ ದನಿ ತಾನಾಗಿ ಹೋಯಿತು, ಇನ್ನು ಥಿಯೇಟರಿನ ಶಬ್ದವೇ ಇರಲಿ ಎಂದು ಹೇಳಿ ಆ ಆಂಪ್ಲಿಫೈಯರು ತಂದಿದ್ದರು. ಅದನ್ನು ಜೋಡಿಸಲು ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು. ಜೋಡಿಸುತ್ತಾ ಜೋಡಿಸುತ್ತಾ ತಾವೇ ಕಟ್ಟಿದ ಕೋಟೆಗೆ ತಾವೇ ಕಾವಲುಗಾರರಾಗಿ ಕೂತಿದ್ದರು. ಆಪರೇಟರಮ್ಮನಿಗೆ ಆ ಕೊನೆಯ ವರ್ಷದ ಮಧ್ಯಾಹ್ನಗಳು ನೆನಪಾದವು. ಎಷ್ಟು ಗಾಢ ನಿದ್ದೆ. ಬೀದಿಯೆಲ್ಲ ಆಟದ ಗದ್ದಲವಿದ್ದರೂ ತಮ್ಮ ಮನೆ ಯಾಕೆ ಅಷ್ಟು ಸದ್ದಿಲ್ಲದೆ ಇರುತ್ತದೆಂದು ಅವರು ಒಮ್ಮೆಯೂ ಯೋಚಿಸಿರಲಿಲ್ಲ. ಗಂಡನ ಬೆನ್ನು ಒತ್ತತೊಡಗಿದರು. ಎಂಟು ದಿನ ಬೋರಲು ಮಲಗಿ ಬೆನ್ನು ಹಲಗೆಯಾಗಿತ್ತು.

"ವಕೀಲ ಸಿಕ್ಕಿಬಿದ್ನಲ್ಲ," ಎಂದರು ಮೇಷ್ಟ್ರು. "ಕೇಳಿಸ್ಕೊಂಡೆ. ಮಾತಾಡಬಾರದು ಅಂತ ತಡ್ಕೊಂಡೆ ಅಷ್ಟೇ."

ಹತ್ತನೇ ದಿನ ಬೆಳಗ್ಗೆ ಡಾಕ್ಟರಮ್ಮ ಕಣ್ಣಿಗೆ ದೀಪ ಬಿಟ್ಟು ನೋಡಿ, ಪದರ ಚೆನ್ನಾಗಿ ಕೂತಿದೆ, ಇನ್ನು ತಲೆ ಎತ್ತಬಹುದು ಎಂದರು. ಗುಳ್ಳೆ ಕರಗುವತನಕ ನೋಟ ಅರೆಬರೆಯಂತೆ. ಅವತ್ತೇ ಮಧ್ಯಾಹ್ನ ಫೈನಲ್ಲು. ಮೇಷ್ಟ್ರು ಕಪ್ಪು ಕನ್ನಡಕ ಹಾಕಿ, ಹತ್ತು ದಿನದ ಮೇಲೆ ಮನುಷ್ಯರಂತೆ ಕುರ್ಚಿಯಲ್ಲಿ ಕೂತರು. ಬಲಗಣ್ಣಿನಲ್ಲಿ ನೀರಿನ ಮಟ್ಟದಂಥ ಒಂದು ಗೆರೆ ತಲೆ ಅಲುಗಿದಾಗೆಲ್ಲ ತುಳುಕುತ್ತಿತ್ತು. ಮೈದಾನ ಕೆರೆಯ ಹಾಗೆ ಕಾಣುತ್ತದೆ, ಅರ್ಧ ಆಟಗಾರರು ಈಜುತ್ತಿದ್ದಾರೆ ಎಂದರು. ಆಪರೇಟರಮ್ಮ ರಿಮೋಟನ್ನು ಅವರ ಕೈಗೆ ಕೊಟ್ಟರು. ಅವರು ಅದರ ಪ್ಲಾಸ್ಟಿಕ್ ಕವರು ಬಿಚ್ಚಿ, ಎರಡು ಎಂಬ ಅಂಕಿಯನ್ನು ಸ್ವಲ್ಪ ಹೊತ್ತು ಸವರಿ, ಒತ್ತಿದರು. ಟಿವಿ ಬಂತು. ಮತ್ತೇನೂ ಮಾಡಬೇಕಾಗಿಲ್ಲವೆಂಬುದು ಅವರ ಕೈಗೆ ಇನ್ನೂ ಒಗ್ಗಿರಲಿಲ್ಲ. ಬೆರಳು ಸುಮ್ಮನೆ ಗಾಳಿಯಲ್ಲಿ ಆಡುತ್ತಿತ್ತು.

ಫೈನಲ್ಲಿನಲ್ಲಿ ಮೇಷ್ಟ್ರ ಕೆಂಪು ತಂಡದ ಎದುರು ಆಪರೇಟರಮ್ಮನ ಹಳದಿ ತಂಡ. ಮೊದಲರ್ಧ ಇಬ್ಬರೂ ಸಭ್ಯತೆಯಿಂದ ಕೂತರು. ಎರಡನೇ ಅರ್ಧದಲ್ಲಿ ಹಳದಿಯವರು ಒಂದು ಗೋಲು ಹೊಡೆದರು. ಕೊನೆಯ ಹತ್ತು ನಿಮಿಷ ಕೆಂಪಿನವರು ಬಿಟ್ಟೂಬಿಡದೆ ನುಗ್ಗಿದರು, ಉದ್ದ ಕಾಲಿನವನು ಸಿಡುಕದೆ ಎಲ್ಲವನ್ನೂ ಹಿಡಿದ. ಒಮ್ಮೆ ಚೆಂಡು ಬಲೆಗೆ ಬಿದ್ದೇಬಿಟ್ಟಿತು. ಮೇಷ್ಟ್ರು ಹಾರಿ ಎದ್ದು, ಹನ್ನೊಂದು ವರ್ಷದ್ದನ್ನೂ ಸೇರಿಸಿ ಗೋಲ್ ಎಂದು ಕೂಗಿದರು. ಮೇಲ್ಮನೆಯಲ್ಲಿ ಏನೋ ಠಣ್ಣೆಂದು ಬಿತ್ತು. ಪುಣ್ಯಕ್ಕೆ ಅದು ಭಾನುವಾರ, ರೋಗಿಗಳಿರಲಿಲ್ಲ.

"ಅದು ಗೋಲಲ್ಲ ರೀ," ಎಂದರು ಆಪರೇಟರಮ್ಮ ಶಾಂತವಾಗಿ. "ಅಂಚಲ್ಲಿ ನಿಂತವನು ಬಾವುಟ ಎತ್ತಿದಾನೆ, ನೋಡಿ."

ಬಾವುಟ ನೀರಿನ ಗೆರೆಯ ಕೆಳಗಿದ್ದದ್ದರಿಂದ ಮೇಷ್ಟ್ರಿಗೆ ಕಂಡಿರಲಿಲ್ಲ. ಕೆಂಪು ಸೋತಿತು. ಅವರು ಕನ್ನಡಕ ಸರಿಮಾಡಿಕೊಂಡು, ಅದು ಆಫ್‌ಸೈಡ್ ಆಗಿರಲು ಸಾಧ್ಯವೇ ಇಲ್ಲ, ನಿನಗೆ ಆಫ್‌ಸೈಡ್ ಎಂದರೇನೆಂದೇ ತಿಳಿಯದು ಎಂದು ಗುಡುಗಿ, ಅಡುಗೆಮನೆಯಿಂದ ಚಮಚಗಳನ್ನು ತರಿಸಿ ಮೇಜಿನ ಮೇಲೆ ತಂಡ ಕಟ್ಟಿದರು. ಸಕ್ಕರೆ ಡಬ್ಬಿ ಗೋಲ್‌ಕೀಪರು, ಮೆಣಸಿನ ಕಾಳು ಚೆಂಡು. ಮೂವತ್ತೆರಡು ವರ್ಷದ ಮೇಷ್ಟ್ರುಗಿರಿ ದನಿಗೆ ಮರಳಿ ಬಂದಿತ್ತು. ಆಪರೇಟರಮ್ಮನಿಗೆ ಎರಡನೇ ಚಮಚಕ್ಕೇ ವಿಷಯ ಅರ್ಥವಾಯಿತು. ಮೇಷ್ಟ್ರು ಇನ್ನೂ ಏಳು ಚಮಚ ಇಟ್ಟರು.